ಮೊದಲು ಜಿಡ್ಡು, ಆಮೇಲೆ ತುಕ್ಕು

ಬೆಂಗಳೂರಿನ ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಜಾಗ. ಹೊಸ ಸಾಮಾನಿನ ಹಾಗೆ ಹಳೆಯ ಸಾಮಾನಿಗೂ ಬೆಲೆ ಉಂಟು. ಗುಜರಿಗೆ ಬಂದ ಕಾರಿನ ಗೇರು, ನಟ್ಟು, ಬೋಲ್ಟುಗಳನ್ನು ಮತ್ತೆ ಮಾರುತ್ತಾರೆ. ಆದರೆ ಕೊಳೆ ಮೆತ್ತಿದ ಸಾಮಾನನ್ನು ಯಾರು ಕೊಳ್ಳುತ್ತಾರೆ? ತೊಳೆದು ಕೊಟ್ಟರೆ ನಾಲ್ಕು ಕಾಸು ಸಿಗ್ತದೆ. ಈ ಕೆಲಸವನ್ನು ಮನೆಯಲ್ಲೂ ಮಾಡಬಹುದು. ಆದರೆ ಕಾಸಿನ ಆಸೆಗೆ ಮೈ ಕೆಡಿಸಿಕೊಳ್ಳಬಾರದು.

ತುಕ್ಕು ಯಾಕೆ ಬರುತ್ತದೆ?

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ಕುಡುಗೋಲಿಗೆ ಎಣ್ಣೆ ಸವರಿ ಇಡುತ್ತೇವಲ್ಲ? ಅದು ಇದಕ್ಕೇ.

ಜಿಡ್ಡು ತೆಗೆಯುವ ಬಗೆ

ಮೊದಲು ಜಿಡ್ಡು ತೆಗೆಯಿರಿ. ಜಿಡ್ಡಿನ ಮೇಲೆ ಹುಳಿನೀರು ಹತ್ತೋದಿಲ್ಲ.

ದಪ್ಪ ಜಿಡ್ಡನ್ನು ಮರದ ಚಕ್ಕೆಯಿಂದ ಕೆರೆಯಿರಿ. ಉಳಿದುದನ್ನು ಸೀಮೆಎಣ್ಣೆ, ಬ್ರಶ್ಶಿನಿಂದ ಉಜ್ಜಿರಿ. ಆಮೇಲೆ ವಾಷಿಂಗ್ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆಯಿರಿ. 1 ಲೀಟರ್ ನೀರಿಗೆ 2 ಚಮಚ ಸೋಡಾ ಸಾಕು. ಅಲ್ಯುಮಿನಿಯಂ ಭಾಗಕ್ಕೆ ಸೋಡಾ ಬೇಡ. ಸೋಡಾ ಅದನ್ನು ತಿಂದುಬಿಡ್ತದೆ. ಅದಕ್ಕೆ ಸೋಪಿನ ನೀರೇ ಸರಿ.

ತುಕ್ಕು ತೆಗೆಯುವ ಬಗೆ

ತುಕ್ಕು ಹಿಡಿದ ಭಾಗವನ್ನು ಒಂದು ರಾತ್ರಿ ವಿನೆಗರಿನಲ್ಲಿ ಮುಳುಗಿಸಿಡಿ. ತೆಳು ತುಕ್ಕಿಗೆ ಹುಣಸೆ ಹುಳಿಯೂ ಆದೀತು. ಬೆಳಿಗ್ಗೆ ತಂತಿ ಬ್ರಶ್ಶಿನಿಂದ ಉಜ್ಜಿರಿ. ಸೋಡಾ ನೀರಲ್ಲಿ ಜಾಲಿಸಿರಿ. ಕೂಡಲೇ ಒರೆಸಿ, ಬಿಸಿಲಿಗಿಡಿ. ಒಣಗಿದ ಮೇಲೆ ಎಣ್ಣೆ ಸವರಿರಿ. ಎಣ್ಣೆ ಸವರದಿದ್ದರೆ ತುಕ್ಕು ಮತ್ತೆ ಬರ್ತದೆ.

ಸ್ಪ್ರಿಂಗು, ಬೇರಿಂಗುಗಳನ್ನು ಹುಳಿಯಲ್ಲಿ ನೆನೆಹಾಕಬೇಡಿ. ಹುಳಿ ತಿಂದ ಸ್ಪ್ರಿಂಗು ಮುರಿಯಬಹುದು. ಬೇರಿಂಗಿನ ನುಣುಪು ಹಾಳಾಗ್ತದೆ.

ಅಕ್ಕಾ, ಇವನ್ನು ಮರೆಯಬೇಡಿ

ಕೆಲಸ ಮಾಡುವುದು ಮನೆಯ ಹೊರಗೆ. ಒಲೆ, ಬೀಡಿ, ದೀಪ ಹತ್ತಿರ ಇರಬಾರದು.

ಪೆಟ್ರೋಲು ಬೇಡವೇ ಬೇಡ. ಅದರ ಆವಿ ನೆಲದ ಮೇಲೆ ಹರಿದು ದೂರದ ಒಲೆಯಿಂದಲೂ ಬೆಂಕಿ ಹತ್ತಿಸಿಕೊಳ್ಳುತ್ತದೆ.

ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಎದೆಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಬ್ರೇಕಿನ ಭಾಗಗಳನ್ನು ಮನೆಗೆ ತರಬೇಡಿ. ಅಂಗಡಿಯವರು ಕೊಟ್ಟರೂ "ಇದು ಬೇಡ" ಎನ್ನಿ. ಬ್ಯಾಟರಿಯೂ ಬೇಡ. ಅದರಲ್ಲಿ ಸೀಸ, ಆಸಿಡ್ ಇವೆ.

ಪಾಯಿಖಾನೆ ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆಸಬೇಡಿ. ಅದರಿಂದ ವಿಷದ ಗಾಳಿ ಏಳುತ್ತದೆ.

ಕುಡಿಯುವ ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ ಇಡಬೇಡಿ. ಮಗು ನೀರೆಂದು ಕುಡಿದೀತು. ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಡಿಗೆ ಪಾತ್ರೆ ಬಳಸಬೇಡಿ. ಕೈಗವಸು ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಆಮೇಲೆ ಊಟ, ಆಮೇಲೆ ಮಗು.

ಬರೆದಿಡಿ

ಎಷ್ಟು ಭಾಗ ತಂದಿರಿ? ಎಷ್ಟು ತೊಳೆದು ಕೊಟ್ಟಿರಿ? ಎಷ್ಟು ಕೂಲಿ ಬಂತು? ದಿನವೂ ಪುಸ್ತಕದಲ್ಲಿ ಬರೆಯಿರಿ. ಸೀಮೆಎಣ್ಣೆ, ಸೋಡಾದ ಖರ್ಚನ್ನೂ ಬರೆಯಿರಿ. ಖರ್ಚು ಕಳೆದು ಉಳಿದದ್ದೇ ನಿಮ್ಮ ದುಡಿಮೆ. ಬಾಯಿಲೆಕ್ಕ ಮರೆತು ಹೋಗ್ತದೆ. ಬರೆದ ಲೆಕ್ಕ ಉಳೀತದೆ.

ಉತ್ತರ ಹೇಳಿ

1. ಜಿಡ್ಡನ್ನು ಮೊದಲು ಯಾಕೆ ತೆಗೆಯಬೇಕು?
2. ಯಾವ ಭಾಗಗಳನ್ನು ಮನೆಗೆ ತರಬಾರದು? ಯಾಕೆ?
3. ಒಂದು ಭಾಗಕ್ಕೆ 4 ರೂಪಾಯಿ ಕೂಲಿ ಎಂದುಕೊಳ್ಳಿ. 25 ಭಾಗ ತೊಳೆದಿರಿ. ಖರ್ಚು 30 ರೂಪಾಯಿ. ಉಳಿದದ್ದು ಎಷ್ಟು?