ಹನ್ನೆರಡು ಚಿತ್ರಗಳ ಪೆಟ್ಟಿಗೆ

ನನ್ನ ಓದುವ ಕೋಣೆಯಲ್ಲಿ ಒಂದು ಗಾಜಿನ ಬೀರುವಿದೆ. ಮೇಷ್ಟರ ಮನೆಯ ಬೀರುವಿನಲ್ಲಿ ಪುಸ್ತಕಗಳಿರುವುದು ವಾಡಿಕೆ. ಇದರಲ್ಲಿರುವುದು ಮಾತ್ರ ಹನ್ನೊಂದು ಹಳೆಯ ಕ್ಯಾಮರಾಗಳು ಮತ್ತು ಏಳೆಂಟು ಮಸೂರಗಳು. ನೆರೆಮನೆಯ ಹುಡುಗಿ, ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿ ಓದುವವಳು, ಒಂದು ದಿನ ಅವುಗಳನ್ನು ನೋಡುತ್ತ ನಿಂತಳು.

“ಅಜ್ಜ, ಇವು ಈಗಲೂ ಕೆಲಸ ಮಾಡುತ್ತವೆಯೇ?” ಎಂದು ಕೇಳಿದಳು.

“ಮಾಡುತ್ತವೆ, ಮಗು” ಎಂದೆ.

“ಹಾಗಾದರೆ ಬೀರುವಿನೊಳಗೆ ಏಕಿಟ್ಟಿದ್ದೀರಿ?”

ಆ ಪ್ರಶ್ನೆ ನನ್ನನ್ನು ಚುಚ್ಚಿತು. ಏಕೆಂದರೆ, ಒಂದು ಕ್ಯಾಮರಾವನ್ನು ಭದ್ರವಾಗಿ ಮುಚ್ಚಿಟ್ಟು ಕೆಡಿಸಿದವನು ನಾನೇ. ಆ ಕಥೆಯನ್ನು ಹೇಳುವ ಮೊದಲು ಕ್ಯಾಮರಾದ ವಿಚಾರವಾಗಿ ಕೆಲವು ಸಂಗತಿಗಳನ್ನು ತಿಳಿಯುವುದು ಒಳಿತು.

‘ಕ್ಯಾಮರಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದರ್ಥ. ನಿಜವಾಗಿಯೂ ಅದೊಂದು ಕತ್ತಲೆಯ ಪುಟ್ಟ ಕೋಣೆ. ಮುಂದುಗಡೆ ಬೆಳಕನ್ನು ಒಂದೆಡೆ ಕೂಡಿಸುವ ಮಸೂರ. ಅದರ ಬಳಿ ಕ್ಷಣಮಾತ್ರ ತೆರೆದು ಮುಚ್ಚುವ ಷಟರು. ಹಿಂದುಗಡೆ ಬೆಳ್ಳಿಯ ಲವಣವನ್ನು ಲೇಪಿಸಿದ ಫಿಲಂ. ಬೆಳಕು ಬಿದ್ದೆಡೆಯಲ್ಲಿ ಆ ಲವಣದ ಕಣಗಳಲ್ಲಿ ಸೂಕ್ಷ್ಮವಾದ ಬದಲಾವಣೆಯಾಗುತ್ತದೆ. ಅದು ಕಣ್ಣಿಗೆ ಕಾಣದು. ಕತ್ತಲಲ್ಲಿ ಫಿಲಮ್ಮನ್ನು ಡೆವಲಪರ್ ಎಂಬ ದ್ರಾವಣದಲ್ಲಿ ಅದ್ದಿದಾಗ ಬೆಳಕು ಕಂಡ ಕಣಗಳು ಕಪ್ಪು ಬೆಳ್ಳಿಯಾಗಿ ಮಾರ್ಪಡುತ್ತವೆ. ಅನಂತರ ಹೈಪೋ ದ್ರಾವಣವು ಬೆಳಕು ಕಾಣದೆ ಉಳಿದ ಲವಣವನ್ನು ಕರಗಿಸುತ್ತದೆ. ಹೀಗೆ ದೊರೆಯುವುದೇ ನೆಗೆಟಿವ್. ಅದರಲ್ಲಿ ಬಿಳಿಯದು ಕಪ್ಪಾಗಿಯೂ ಕಪ್ಪಾದದ್ದು ತಿಳಿಯಾಗಿಯೂ ಕಾಣುತ್ತದೆ. ಅದರಿಂದ ಎಷ್ಟು ಪ್ರತಿಗಳನ್ನಾದರೂ ಕಾಗದದ ಮೇಲೆ ಮುದ್ರಿಸಿಕೊಳ್ಳಬಹುದು.

ಈ ವಿದ್ಯೆ ಮೊದಲಿಗೆ ಕೆಲವರ ಸೊತ್ತಾಗಿತ್ತು. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕೊಡಕ್ ಕ್ಯಾಮರಾವನ್ನೂ, ಅವನ ಸಂಸ್ಥೆ 1900ರಲ್ಲಿ ಒಂದು ಡಾಲರ್ ಬೆಲೆಯ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮರಾವನ್ನೂ ಮಾರಾಟಕ್ಕೆ ತಂದ ಮೇಲೆ ಅದು ಜನಸಾಮಾನ್ಯರ ಕೈಗೆ ಬಂದಿತು. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾದ 35 ಮಿಲಿಮೀಟರ್ ಫಿಲಮ್ಮನ್ನೇ ಬಳಸುವ ಪುಟ್ಟ ಕ್ಯಾಮರಾವೊಂದನ್ನು ರೂಪಿಸಿದನು. ಅದು 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಹೊರಬಂದಿತು. 1929ರಲ್ಲಿ ಎರಡು ಮಸೂರಗಳ ರೋಲಿಫ್ಲೆಕ್ಸ್ ಬಂದಿತು. ಅದರ ಮೇಲಿನ ಮಸೂರ ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎಂದು ಖ್ಯಾತರಾದ ಹೋಮೈ ವ್ಯಾರಾವಾಲಾ ಅವರು (1913–2012) ಇಂಥ ರೋಲಿಫ್ಲೆಕ್ಸನ್ನೂ, ಭಾರವಾದ ಸ್ಪೀಡ್ ಗ್ರಾಫಿಕ್ ಕ್ಯಾಮರಾವನ್ನೂ ಹೊತ್ತು ಸ್ವಾತಂತ್ರ್ಯದ ಆರಂಭದ ವರ್ಷಗಳ ದಿಲ್ಲಿಯನ್ನು ಚಿತ್ರಿಸಿದರು. ನಮ್ಮ ಮೈಸೂರಿನವರಾದ ಟಿ. ಎಸ್. ಸತ್ಯನ್ ಅವರು (1923–2009) ಫಿಲಂ ಕ್ಯಾಮರಾ ಹಿಡಿದು ದೇಶದ ಸಾಮಾನ್ಯ ಜನರ ಬದುಕನ್ನು ಕಾಣಿಸಿದರು.

ನಮ್ಮ ದೇಶದಲ್ಲಿಯೂ ಕ್ಯಾಮರಾಗಳು ತಯಾರಾಗುತ್ತಿದ್ದವು. ವಡೋದರದಲ್ಲಿ ಸಿದ್ಧವಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಷ್ಟೋ ಮನೆಗಳ ಮೊದಲ ಕ್ಯಾಮರಾ ಆಗಿತ್ತು. ಉದಕಮಂಡಲದಲ್ಲಿ, 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲಂಸ್ ಎಂಬ ಸರ್ಕಾರಿ ಸಂಸ್ಥೆ ‘ಇಂದು’ ಎಂಬ ಹೆಸರಿನ ಫಿಲಮ್ಮನ್ನು ತಯಾರಿಸುತ್ತಿತ್ತು. ಇಂದು ಎಂದರೆ ಚಂದ್ರ. ಕನ್ನಡದಲ್ಲಿ ‘ಈ ದಿನ’ವೆಂಬ ಅರ್ಥವೂ ಉಂಟು. ಡಿಜಿಟಲ್ ಕ್ಯಾಮರಾಗಳು ಬಂದ ಮೇಲೆ ಫಿಲಮ್ಮನ್ನು ಕೇಳುವವರು ಕಡಿಮೆಯಾದರು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ.

ಇನ್ನು ನಮ್ಮ ಮನೆಯ ಕಥೆ. ನಮ್ಮದು ಶರಾವತಿಯ ದಂಡೆಯ ಒಂದು ಸಣ್ಣ ಹಳ್ಳಿ. ಅಪ್ಪಯ್ಯ ಅಲ್ಲಿಯ ಶಾಲೆಯ ಉಪಾಧ್ಯಾಯರು. ಅವರ ಬಳಿ ಜರ್ಮನಿಯಲ್ಲಿ ತಯಾರಾದ ನೆಟ್ಟಾರ್ ಎಂಬ ಮಡಿಸುವ ಕ್ಯಾಮರಾ ಇತ್ತು. ಗುಂಡಿ ಒತ್ತಿದರೆ ಮುಂದಿನ ಬಾಗಿಲು ತೆರೆದು, ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಕೊಳವೆಯೊಡನೆ ಮಸೂರ ಹೊರಗೆ ಬರುತ್ತಿತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ವಸ್ತುವಿನ ದೂರವನ್ನು ನಾವೇ ಅಂದಾಜು ಮಾಡಿ ಮಸೂರವನ್ನು ತಿರುಗಿಸಬೇಕು. ಅಪ್ಪಯ್ಯ ನಿಂತಲ್ಲಿಂದ ಹೆಜ್ಜೆ ಎಣಿಸುತ್ತ ಹೋಗಿ, ಹಾಗೆಯೇ ಎಣಿಸುತ್ತ ಹಿಂದಿರುಗುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಅದರಿಂದ ನಾಡಿಗೆ ವಿದ್ಯುತ್ತು ದೊರೆಯಿತು. ಆದರೆ ಅದರ ಹಿನ್ನೀರಿನಲ್ಲಿ ಮುಳುಗಿದ ಅನೇಕ ಹಳ್ಳಿಗಳಲ್ಲಿ ನಮ್ಮದೂ ಒಂದು. ಊರು ಬಿಡುವ ಮುಂಚೆ ಅಪ್ಪಯ್ಯನ ಬಳಿ ಇದ್ದದ್ದು ಒಂದೇ ಸುರುಳಿ. ಪೇಟೆಗೆ ಹೋಗಿ ಇನ್ನೊಂದನ್ನು ತರುವಷ್ಟು ಸಮಯವೂ ಇರಲಿಲ್ಲ, ಹಣವೂ ಇರಲಿಲ್ಲ. ಅವರು ಎರಡು ದಿನ ಊರೆಲ್ಲ ಸುತ್ತಿದರು. ಹನ್ನೊಂದು ಮನೆಗಳವರನ್ನು ಅವರವರ ಜಗುಲಿಯ ಮುಂದೆ ನಿಲ್ಲಿಸಿ ಒಂದೊಂದು ಚಿತ್ರ ತೆಗೆದರು. ಹನ್ನೆರಡನೆಯದು ಮಕ್ಕಳಿಲ್ಲದ ಶಾಲೆಯ ಕೋಣೆ.

ಅಂದು ರಾತ್ರಿ ಅಮ್ಮ, “ನಮ್ಮ ಮನೆಯದೊಂದು ತೆಗೆಯಲೇ ಇಲ್ಲವಲ್ಲ” ಎಂದಳು.

“ಸುರುಳಿ ಮುಗಿಯಿತು, ಮಾರಾಯ್ತಿ” ಎಂದು ಅಪ್ಪಯ್ಯ ಸುಮ್ಮನಾದರು.

ಹನ್ನೊಂದು ಮನೆಗಳವರು ಹನ್ನೊಂದು ದಿಕ್ಕಿಗೆ ಹೋದರು. ಅಪ್ಪಯ್ಯ ಪ್ರತಿಯೊಬ್ಬರಿಗೂ ಅವರ ಚಿತ್ರವನ್ನು ತಲಪಿಸಿದರು. ಮುಂದೆ ಎಷ್ಟೋ ವರ್ಷಗಳ ಮೇಲೆ ಅವರಲ್ಲೊಬ್ಬರ ಮಗ ನನ್ನನ್ನು ಹುಡುಕಿಕೊಂಡು ಬಂದು, ಅಂಗೈಯಗಲದ ಆ ಚಿತ್ರವನ್ನು ತೋರಿಸಿ, “ಮೇಷ್ಟ್ರೇ, ನಮ್ಮ ಅಜ್ಜಿಯ ಮುಖಕ್ಕೂ ನಮ್ಮ ಮನೆಗೂ ಇದೊಂದೇ ಗುರುತು” ಎಂದನು. ಸೆಕೆಂಡಿನ ನೂರರಲ್ಲಿ ಒಂದು ಪಾಲು ತೆರೆದ ಒಂದು ಷಟರು ಒಂದು ಮನೆತನದ ನೆನಪನ್ನು ಉಳಿಸಿತ್ತು.

ಅಪ್ಪಯ್ಯ 1991ರಲ್ಲಿ ತೀರಿಕೊಂಡರು. ಅವರ ಕ್ಯಾಮರಾ ನನಗೆ ದೇವರ ಪೆಟ್ಟಿಗೆಯಷ್ಟೇ ಪವಿತ್ರವಾಯಿತು. ಅದನ್ನು ಮುಟ್ಟಿದರೆ ಎಲ್ಲಿ ಕೆಡುವುದೋ ಎಂದು ಚರ್ಮದ ಚೀಲದಲ್ಲಿಟ್ಟು, ಬಟ್ಟೆ ಸುತ್ತಿ, ಟ್ರಂಕಿನ ತಳದಲ್ಲಿ ಇರಿಸಿ ಬೀಗ ಹಾಕಿದೆ. ಮಕ್ಕಳು ಕೇಳಿದರೂ ಕೊಡಲಿಲ್ಲ. ನಿವೃತ್ತನಾದ 2018ರಲ್ಲಿ ಆ ಟ್ರಂಕನ್ನು ತೆರೆದೆ. ಚರ್ಮದ ಚೀಲ ಬೂಷ್ಟು ಹಿಡಿದಿತ್ತು. ಮಸೂರವನ್ನು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯಂತಹ ಬಿಳಿಯ ಎಳೆಗಳು. ಷಟರು ಅಂಟಿಕೊಂಡಿತ್ತು.

ಬೆಂಗಳೂರಿನ ಹಳೆಯ ಪೇಟೆಯ ಒಂದು ಸಂದಿಯಲ್ಲಿ ಕ್ಯಾಮರಾ ರಿಪೇರಿ ಮಾಡುವ ವೃದ್ಧರೊಬ್ಬರಿದ್ದರು. ಅವರು ಮಸೂರವನ್ನು ದೀಪಕ್ಕೆ ಹಿಡಿದು ನೋಡಿ, “ಇದು ಬಳಸಿ ಕೆಟ್ಟದ್ದಲ್ಲ ಸ್ವಾಮಿ, ಬಳಸದೆ ಕೆಟ್ಟದ್ದು” ಎಂದರು. ಆಮೇಲೆ ನನಗೆ ಪಾಠ ಹೇಳಿದರು. ಬೂಷ್ಟು ಬೆಳೆಯುವುದಕ್ಕೆ ಬೇಕಾದದ್ದು ಕತ್ತಲೆ, ತೇವ ಮತ್ತು ಆಡದ ಗಾಳಿ. ತೇವವನ್ನು ಹೀರಿಕೊಳ್ಳುವ ಚರ್ಮದ ಚೀಲ ಅದಕ್ಕೆ ತವರುಮನೆ. ಅದು ಸ್ರವಿಸುವ ಆಮ್ಲವು ಗಾಜಿನ ಮೇಲಿನ ಲೇಪವನ್ನೂ, ಕಡೆಗೆ ಗಾಜನ್ನೂ ಕೊರೆಯುತ್ತದೆ. ಷಟರಿನ ಎಣ್ಣೆಯಾದರೋ ಓಡಾಟವಿಲ್ಲದೆ ಗಟ್ಟಿಯಾಗಿ ಅಂಟಾಗುತ್ತದೆ. ನಾನು ರಕ್ಷಣೆಯೆಂದು ತಿಳಿದು ಮಾಡಿದ್ದೆಲ್ಲವೂ ನಾಶಕ್ಕೆ ನೆರವಾಗಿತ್ತು. ಅವರು ಷಟರನ್ನು ಬಿಚ್ಚಿ ಶುಚಿಮಾಡಿದರು, ಮಸೂರವನ್ನು ತೊಳೆದರು. ಆದರೆ ಗಾಜಿನಲ್ಲಿ ಬೂಷ್ಟು ಕೊರೆದ ಗೆರೆಗಳು ಮಾತ್ರ ಉಳಿದುವು.

ಮನೆಗೆ ಬಂದವನೇ ಆ ಕ್ಯಾಮರಾಕ್ಕೆ ಫಿಲಂ ತುಂಬಿದೆ. ಅದಕ್ಕೆ ಬೇಕಾದ 120 ಎಂಬ ಅಳತೆಯ ಸುರುಳಿ 1901ರಲ್ಲಿ ಬಂದದ್ದು. ಇಂದಿಗೂ ಕೆಲವು ಸಂಸ್ಥೆಗಳು ಅದನ್ನು ತಯಾರಿಸುತ್ತಿವೆ. ಬೆಲೆ ಹೆಚ್ಚು, ಆದುದರಿಂದ ಒಂದೊಂದು ಚಿತ್ರಕ್ಕೂ ಯೋಚಿಸಬೇಕು. ಬೆಳಕನ್ನು ಅಳೆಯುವ ಸಾಧನ ಅದರಲ್ಲಿಲ್ಲ. ಅದಕ್ಕೆ ಹಳಬರದೊಂದು ಸೂತ್ರವುಂಟು: ನಿಚ್ಚಳ ಬಿಸಿಲಿನಲ್ಲಿ ಮಸೂರದ ಕಂಡಿಯನ್ನು 16ಕ್ಕೆ ಇಡು, ಫಿಲಮ್ಮಿನ ವೇಗ 100 ಆದರೆ ಷಟರನ್ನು ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ ಇಡು. ಮೋಡ ಕವಿದಷ್ಟೂ ಕಂಡಿಯನ್ನು 11, 8, 5.6 ಎಂದು ಹಿಗ್ಗಿಸುತ್ತ ಹೋಗು. ಅಂಕಿ ಕಿರಿದಾದಷ್ಟೂ ಕಂಡಿ ಹಿರಿದು ಎಂಬುದು ಇಲ್ಲಿಯ ವಿಚಿತ್ರ. ಮಸೂರದ ನಾಭಿದೂರವನ್ನು ಕಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಅಂಕಿ ಅದು. ಹಾಗೆಂದಾಗ ಈ ವಿಚಿತ್ರ ನಿಮಗೆ ತಾನೇ ಅರ್ಥವಾಗುವುದು.

ಮೊದಲ ಸುರುಳಿಯಲ್ಲಿ ನಾನು ಸೋತೆ. ದೂರದ ಅಂದಾಜು ತಪ್ಪಿ ಮೊಮ್ಮಗನ ಮುಖ ಮಸುಕಾಯಿತು. ಹಿಂದಿನ ಗೋಡೆಯ ಬಿರುಕು ಸ್ಪಷ್ಟವಾಗಿ ಮೂಡಿತು. ತೊಳೆಯುವಾಗ ಫಿಲಮ್ಮಿನ ಎರಡು ಸುತ್ತುಗಳು ಒಂದಕ್ಕೊಂದು ಅಂಟಿ, ದ್ರಾವಣ ತಾಗದೆ ಮೂರು ಚಿತ್ರಗಳು ಹಾಳಾದುವು. ಆದರೆ ಎರಡನೆಯ ಸುರುಳಿಯನ್ನು ಡಬ್ಬಿಯಿಂದ ತೆಗೆದು, ಹನಿ ತೊಟ್ಟಿಕ್ಕುತ್ತಿದ್ದ ಆ ಪಟ್ಟಿಯನ್ನು ಬೆಳಕಿಗೆ ಹಿಡಿದಾಗ, ಹನ್ನೆರಡು ಪುಟ್ಟ ಚೌಕಗಳೂ ಮೂಡಿದ್ದುವು. ಅಷ್ಟು ಸಂತೋಷ ನನಗೆ ಎಂ.ಎ. ಪರೀಕ್ಷೆಯ ಫಲಿತಾಂಶ ಕಂಡಾಗಲೂ ಆಗಿರಲಿಲ್ಲ.

ಅಂದಿನಿಂದ ಹಳೆಯ ಕ್ಯಾಮರಾಗಳನ್ನು ಕೂಡಿಸುವ ಹವ್ಯಾಸ ಹತ್ತಿತು. ಈ ಹವ್ಯಾಸಕ್ಕೆ ಹಣಕ್ಕಿಂತ ಎಚ್ಚರ ಮುಖ್ಯ. ಹಳೆಯ ಕ್ಯಾಮರಾ ದೊರೆತಾಗ ಅದರ ಹೊಳಪಿಗೆ ಮರುಳಾಗಬಾರದು. ಕತ್ತಲೆಯಲ್ಲಿ ತಿದಿಯೊಳಗೆ ಟಾರ್ಚು ಹಾಕಿ, ಬೆಳಕು ಸೋರುವ ತೂತುಗಳಿವೆಯೇ ಎಂದು ನೋಡಬೇಕು. ಷಟರಿನ ಎಲ್ಲ ವೇಗಗಳನ್ನೂ ಆಲಿಸಬೇಕು. ಅದಕ್ಕೆ ಒಗ್ಗುವ ಫಿಲಂ ಈಗಲೂ ದೊರೆಯುವುದೇ ಎಂದು ವಿಚಾರಿಸಬೇಕು. ಕ್ಯಾಮರಾ ಕೆಟ್ಟಿದ್ದರೂ ಮಸೂರ ಚೆನ್ನಾಗಿದ್ದರೆ ಅದು ವ್ಯರ್ಥವಲ್ಲ. ನನ್ನಲ್ಲಿರುವ ರಷ್ಯಾದ ಜೆನಿತ್ ಕ್ಯಾಮರಾದ ಷಟರು ಹರಿದಿದೆ; ಆದರೆ 42 ಮಿಲಿಮೀಟರ್ ವ್ಯಾಸದ ತಿರುಪಿರುವ ಅದರ ಹೀಲಿಯೋಸ್ ಮಸೂರವನ್ನು, ನಡುವೆ ಒಂದು ಬಳೆಯನ್ನು ಜೋಡಿಸಿ, ನನ್ನ ಮಗ ತನ್ನ ಹೊಸ ಡಿಜಿಟಲ್ ಕ್ಯಾಮರಾದಲ್ಲಿ ಬಳಸುತ್ತಿದ್ದಾನೆ. ಹಳೆಯ ಕಣ್ಣಿಗೆ ಹೊಸ ದೇಹ ದೊರೆತಂತಾಗಿದೆ.

ಹೊಸದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಇಂದು ಕೈಯಲ್ಲಿರುವ ದೂರವಾಣಿಯಿಂದಲೇ ಕ್ಷಣಕ್ಕೊಂದು ಚಿತ್ರ ತೆಗೆಯಬಹುದು. ಬಡವರ ಮನೆಯಲ್ಲಿಯೂ ಈಗ ಚಿತ್ರಗಳಿವೆ. ಅಪ್ಪಯ್ಯ ಇದ್ದಿದ್ದರೆ ಅದನ್ನು ಕಂಡು ಹಿಗ್ಗುತ್ತಿದ್ದರು. ಆದರೆ ಹನ್ನೆರಡೇ ಚಿತ್ರಗಳಿರುವಾಗ ಯಾವುದು ಉಳಿಯಬೇಕೆಂದು ನಾವು ತೀರ್ಮಾನಿಸಬೇಕಾಗುತ್ತದೆ. ಹಾಗೆ ತೀರ್ಮಾನಿಸುವವನು ಮೊದಲು ಚೆನ್ನಾಗಿ ನೋಡಬೇಕಾಗುತ್ತದೆ.

2019ರ ಬೇಸಗೆಯಲ್ಲಿ ನೆಟ್ಟಾರನ್ನು ಹಿಡಿದು ಶರಾವತಿಯ ಹಿನ್ನೀರಿಗೆ ಹೋದೆ. ನೀರು ಇಳಿದು, ಒಣಗಿದ ಮರಗಳ ಬೊಡ್ಡೆಗಳು ಮೇಲೆ ಕಾಣುತ್ತಿದ್ದುವು. ನಮ್ಮ ಮನೆ ಇದ್ದ ದಿಕ್ಕನ್ನು ಅಂದಾಜು ಮಾಡಿ, ಒಂದು ಚಿತ್ರ ತೆಗೆದೆ. ಅಪ್ಪಯ್ಯ ತೆಗೆಯದೆ ಉಳಿದಿದ್ದ ಹದಿಮೂರನೆಯ ಚಿತ್ರ ಅದು. ಚಿತ್ರದ ತುಂಬ ತೆಳುವಾದ ಮಂಜು ಕವಿದಂತಿದೆ. ಅದು ಹೊಳೆಯ ಮಂಜಲ್ಲ. ಇಪ್ಪತ್ತೇಳು ವರ್ಷಗಳ ಕಾಲ ನಾನು ಹಾಕಿದ್ದ ಬೀಗದ ಗುರುತು.

ನೆರೆಮನೆಯ ಹುಡುಗಿಗೆ ಇಷ್ಟನ್ನೂ ಹೇಳಿ, ಬೀರುವಿನ ಬಾಗಿಲು ತೆರೆದು ನೆಟ್ಟಾರನ್ನು ಅವಳ ಕೈಗೆ ಕೊಟ್ಟೆ. ಅದರಲ್ಲಿ ಹೊಸ ಸುರುಳಿಯಿತ್ತು. ಅವಳು ಅಂಗಳಕ್ಕೆ ಹೋಗಿ, ಹೂ ಕಟ್ಟುತ್ತ ಕುಳಿತಿದ್ದ ತನ್ನ ಅಜ್ಜಿಯ ಬಳಿಯವರೆಗೆ ಹೆಜ್ಜೆ ಎಣಿಸಿದಳು. ಎಣಿಸುತ್ತ ಹಿಂದಕ್ಕೆ ಬಂದಳು. ಬಹಳ ಹೊತ್ತು ನೋಡಿದಳು. ಟಿಕ್ ಎಂದು ಸಣ್ಣ ಸದ್ದಾಯಿತು.

“ಇನ್ನು ಹನ್ನೊಂದು ಉಳಿದಿವೆ ಅಜ್ಜ, ಯೋಚಿಸಿ ನಾಳೆ ಬರುತ್ತೇನೆ” ಎಂದಳು.

ಅಭ್ಯಾಸ

1. ‘ಬಳಸದೆ ಕೆಟ್ಟದ್ದು’ ಎಂಬ ಮಾತನ್ನು ಯಾರು, ಯಾವ ಸಂದರ್ಭದಲ್ಲಿ ಹೇಳಿದರು? ಅದಕ್ಕೆ ಅವರು ಕೊಟ್ಟ ಕಾರಣಗಳೇನು?
2. ಫಿಲಮ್ಮಿನ ಮೇಲೆ ಚಿತ್ರ ಮೂಡುವ ಕ್ರಮವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
3. ಲೇಖಕರ ತಂದೆ ತಮ್ಮ ಮನೆಯ ಚಿತ್ರವನ್ನು ಏಕೆ ತೆಗೆಯಲಿಲ್ಲ? ಅದರಿಂದ ಅವರ ಸ್ವಭಾವದ ಬಗ್ಗೆ ಏನು ತಿಳಿಯುತ್ತದೆ?
4. ನಿಮ್ಮ ಊರಿನ ಹನ್ನೆರಡು ಚಿತ್ರಗಳನ್ನು ಮಾತ್ರ ಉಳಿಸಬಹುದಾದರೆ ಯಾವುವನ್ನು ಆರಿಸುವಿರಿ? ಕಾರಣಸಹಿತ ಬರೆಯಿರಿ.