ತಪ್ಪಿಸಿಕೊಂಡ ಪ್ರಾಣಿ ಮನೆ ಸೇರುವ ಬಗೆ

ಬೀದರದ ಕಡೆಯ ಹಳ್ಳಿಗಳಲ್ಲಿ ಕೊಂಡವಾಡವೆಂದರೆ ಅರಿಯದವರು ವಿರಳ. ಮೈಸೂರು ಸೀಮೆಯವರು ದೊಡ್ಡಿಯೆನ್ನುವುದು ಇದನ್ನೇ. ಪರರ ಹೊಲಕ್ಕೆ ನುಗ್ಗಿದ ಅಥವಾ ದಾರಿತಪ್ಪಿ ಅಲೆಯುವ ದನಗಳನ್ನು ಕೂಡುವ ಆವರಣವಿದು. ಬ್ರಿಟಿಷ್ ಪ್ರಾಂತ್ಯಗಳಲ್ಲಿ 1871ರ ಕಾಯ್ದೆಯೊಂದು ಇಂಥ ದೊಡ್ಡಿಗಳ ಕ್ರಮವನ್ನು ಗೊತ್ತುಪಡಿಸಿತ್ತು. ಏಳು ದಿನಗಳೊಳಗೆ ಒಡೆಯನು ಬಾರದಿದ್ದರೆ ದನದ ವರ್ಣನೆಯನ್ನು ಬರೆದು ಅಂಟಿಸಬೇಕು; ಸಮೀಪದ ಹಳ್ಳಿಯಲ್ಲಿಯೂ ಸಂತೆಯಲ್ಲಿಯೂ ಡಂಗುರ ಹೊಡೆಸಬೇಕು; ಮತ್ತೆ ಏಳು ದಿನ ಕಾದು ಹರಾಜು ಹಾಕಬೇಕು.

ಈ ಕ್ರಮದಲ್ಲಿ ಡಂಗುರದ ಭಾಗವು ನಮಗೆ ಮೆಚ್ಚಿಗೆಯಾದುದು, ಹರಾಜಿನ ಭಾಗವಲ್ಲ. ಹರಾಜು ಕೊಳ್ಳುವವನ ಹಣವನ್ನು ಕೇಳುತ್ತದೆಯೇ ಹೊರತು ಅವನ ಕೊಟ್ಟಿಗೆಯನ್ನು ನೋಡುವುದಿಲ್ಲ. 1860ರಲ್ಲಿ ಲಂಡನ್ನಿನಲ್ಲಿ ಮೇರಿ ಟೀಲ್ಬಿ ಎಂಬಾಕೆ ಬೀದಿಪಾಲಾದ ನಾಯಿಗಳಿಗಾಗಿ ತೆರೆದ ಆಶ್ರಯವಾಗಲಿ, ಬೆಂಗಳೂರಿನಲ್ಲಿ 1991ರಲ್ಲಿ ಹುಟ್ಟಿದ ಕ್ಯೂಪಾ ಸಂಸ್ಥೆಯಾಗಲಿ ಮಾಡಿದ ಮುಖ್ಯ ಬದಲಾವಣೆ ಇದೇ: ಡಂಗುರವನ್ನು ಉಳಿಸಿಕೊಂಡು, ಹರಾಜಿನ ಸ್ಥಳದಲ್ಲಿ ಯೋಗ್ಯವಾದ ಮನೆಯ ಹುಡುಕಾಟವನ್ನು ತಂದುದು.

ಹುಡುಕಾಟದ ಮೊದಲ ಪ್ರಶ್ನೆ, ಈ ಪ್ರಾಣಿ ಯಾರದು ಎಂಬುದು. ಭಾಲ್ಕಿ, ಔರಾದ ತಾಲ್ಲೂಕುಗಳು ಹೆಸರಾಂತ ದೇವಣಿ ತಳಿಯ ನೆಲ. ಈ ತಳಿಯ ದನಗಳನ್ನು ರೈತರು ಬಣ್ಣದಿಂದಲೇ ಮೂರಾಗಿ ವಿಂಗಡಿಸುತ್ತಾರೆ: ಮೈಯೆಲ್ಲ ಬಿಳಿದಾದದ್ದು ಬಾಳಂಕ್ಯಾ; ಬಿಳಿ ಮೈಗೆ ಮುಖದ ಪಕ್ಕಗಳು ಕಪ್ಪಾದದ್ದು ವಾನೇರಾ; ಮೈತುಂಬ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳುಳ್ಳದ್ದು ಶೆವೇರಾ. ಶೆವೇರಾ ಕಳೆದುಹೋದರೆ ಒಡೆಯನು ಮಚ್ಚೆಗಳನ್ನು ವರ್ಣಿಸಿ ತನ್ನದೆಂದು ಸಾಧಿಸಬಲ್ಲನು. ಬಾಳಂಕ್ಯಾ ಕಳೆದವನ ಪಾಡೇನು? ಬಿಳಿಯ ದನಗಳ ಮಂದೆಯಲ್ಲಿ ಒಂದು ಬಿಳಿಯ ದನ! ದನದ ಮೂಗಿನ ತುದಿಯ ಗೆರೆಗಳು ಮನುಷ್ಯನ ಹೆಬ್ಬೆಟ್ಟಿನ ಗುರುತಿನಂತೆ ಒಂದೊಂದಕ್ಕೆ ಬೇರೆಯೆಂಬುದನ್ನು ವಿಜ್ಞಾನಿಗಳು 1922ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಆದರೆ ದನ ಕಳೆಯುವ ಮೊದಲೇ ಅದರ ಮೂಗಿಗೆ ಮಸಿ ಹಚ್ಚಿ ಅಚ್ಚು ತೆಗೆದಿಟ್ಟುಕೊಂಡ ರೈತನನ್ನು ನಾವಂತೂ ಕಂಡಿಲ್ಲ. ಈಗ ಕಾಲುಬಾಯಿ ಜ್ವರದ ಲಸಿಕೆಯ ಸಂದರ್ಭದಲ್ಲಿ ಕಿವಿಗೆ ಚುಚ್ಚುವ 12 ಅಂಕಿಗಳ ಹಳದಿ ಬಿಲ್ಲೆ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದೆ. ಔರಾದದ ದನ ಗಡಿ ದಾಟಿ ಮಹಾರಾಷ್ಟ್ರದ ಉದಗೀರದತ್ತ ಹೋದರೂ ಆ ಅಂಕಿ ಬದಲಾಗುವುದಿಲ್ಲ.

ಬೀದರ ನಗರದ ಸಾಕುನಾಯಿಗೆ ಇಂಥ ಬಿಲ್ಲೆಯಿಲ್ಲ. ಅದಕ್ಕೆ ಒದಗಿಬರುವುದು ಮೈಕ್ರೋಚಿಪ್. ಅಕ್ಕಿಕಾಳಿನಷ್ಟು ದೊಡ್ಡದಾದ ಗಾಜಿನ ಗುಳಿಗೆಯೊಂದನ್ನು ದಪ್ಪ ಸೂಜಿಯಿಂದ ಭುಜಗಳ ನಡುವೆ ಚರ್ಮದಡಿ ಸೇರಿಸುತ್ತಾರೆ. ಒಳಗೆ ಬ್ಯಾಟರಿಯಿಲ್ಲ, ಒಂದು ತಂತಿಸುರುಳಿಯುಂಟು. ಓದುವ ಉಪಕರಣವನ್ನು ಹತ್ತಿರ ತಂದಾಗ ಅದರ ಕಾಂತಕ್ಷೇತ್ರವು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸಿ, ಗುಳಿಗೆಯು ತನ್ನ 15 ಅಂಕಿಗಳನ್ನು ಹೊರಗೆಡಹುತ್ತದೆ. ನಾಯಿ ಎಲ್ಲಿದೆಯೆಂಬುದನ್ನು ಅದು ದೂರದಿಂದ ತಿಳಿಸಲಾರದು. ಹಾಗೆ ನಂಬಿದವರು ಬಹಳ ಮಂದಿ. ಅಮೆರಿಕದ 53 ಆಶ್ರಯಗಳಿಗೆ ಬಂದ ಅಲೆಮಾರಿ ಪ್ರಾಣಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಪ್ಪುಳ್ಳ ನಾಯಿಗಳಲ್ಲಿ ನೂರಕ್ಕೆ ಸುಮಾರು 52 ಒಡೆಯರನ್ನು ಸೇರಿದ್ದುವು. ಬಂದ ನಾಯಿಗಳನ್ನೆಲ್ಲ ಒಟ್ಟಾಗಿ ಎಣಿಸಿದರೆ ನೂರಕ್ಕೆ 22 ಮಾತ್ರ. ಚಿಪ್ಪಿದ್ದೂ ಮನೆ ಸೇರದ ಪ್ರಾಣಿಗಳಲ್ಲಿ ಹಲವುಗಳ ವಿಷಯದಲ್ಲಿ ದೋಷ ಚಿಪ್ಪಿನದಾಗಿರಲಿಲ್ಲ. ಒಡೆಯನು ಬರೆಸಿದ್ದ ದೂರವಾಣಿ ಸಂಖ್ಯೆ ಹಳೆಯದಾಗಿತ್ತು, ಇಲ್ಲವೆ ಅವನು ಏನನ್ನೂ ಬರೆಸಿಯೇ ಇರಲಿಲ್ಲ.

ಯಾರೂ ಬಾರದೆ ಉಳಿದ ಪ್ರಾಣಿಗಳದು ಹೆಚ್ಚು ಕಠಿನವಾದ ಸಮಸ್ಯೆ. ನಮ್ಮ ಕಡೆ ಹೀಗೆ ಉಳಿಯುವುವು ಹಾಲು ಬತ್ತಿದ ಹಸು, ಗಂಡುಕರು, ಟ್ರಾಕ್ಟರು ಬಂದಮೇಲೆ ನೊಗ ತಪ್ಪಿದ ಎತ್ತು, ವಯಸ್ಸಾದ ನಾಟಿನಾಯಿ. ಗೋಶಾಲೆಯ ದನಗಳನ್ನು ನಾಗರಿಕರು ದತ್ತು ಪಡೆಯಲೆಂದು ರಾಜ್ಯ ಸರ್ಕಾರವು 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆಯನ್ನು ಆರಂಭಿಸಿತು. ಆಗಿನ ಪಶುಸಂಗೋಪನಾ ಸಚಿವರು ಔರಾದದ ಶಾಸಕರೇ ಆಗಿದ್ದರು. ಒಂದು ದನಕ್ಕೆ ವರ್ಷಕ್ಕೆ 11,000 ರೂಪಾಯಿ, ಅಂದರೆ ದಿನಕ್ಕೆ 30. ಸುಮಾರು 350 ಕಿಲೋ ತೂಕದ ಹಸುವಿಗೆ ದಿನಕ್ಕೆ 7–8 ಕಿಲೋ ಒಣತೂಕದ ಮೇವು ಬೇಕು. ಬರಗಾಲದಲ್ಲಿ ಕಣಿಕೆಯ ಧಾರಣೆಯನ್ನು ಬಲ್ಲ ಭಾಲ್ಕಿಯ ರೈತನು ಮಿಕ್ಕ ಲೆಕ್ಕವನ್ನು ತಾನೇ ಮಾಡಿಕೊಳ್ಳಲಿ. ಹಣದ ನೆರವು ಒಳ್ಳೆಯದೇ, ಆದರೆ ಹಾಗೆ ದತ್ತುಹೋದ ದನ ಗೋಶಾಲೆಯಲ್ಲಿಯೇ ಉಳಿಯುತ್ತದೆ. ಹೊಸದಾಗಿ ಬಂದುದಕ್ಕೆ ಸ್ಥಳ ತೆರವಾಗುವುದಿಲ್ಲ.

ನಾಯಿಯ ವಿಷಯದಲ್ಲಿ ಆಶ್ರಯವೇ ಒಂದು ಅಡ್ಡಿಯಾಗಬಹುದೆಂದರೆ ಓದುಗರಿಗೆ ಆಶ್ಚರ್ಯವಾದೀತು. ಹೊಸ ಗದ್ದಲಕ್ಕೆ ಬಂದ ನಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ರಸವು ಮೊದಲ ಮೂರು ದಿನಗಳು ಬಹಳ ಏರಿರುತ್ತದೆ. ಮೂಲೆ ಹಿಡಿದು ನಡುಗುವ ನಾಯಿಯನ್ನು ನೋಡಿ, ಬಂದವರು ಅದರ ಸ್ವಭಾವವೇ ಹೀಗೆಂದು ಮುಂದೆ ಸಾಗುತ್ತಾರೆ. ಅದೇ ನಾಯಿಯನ್ನು ಒಂದೆರಡು ರಾತ್ರಿ ಯಾರದಾದರೂ ಮನೆಯಲ್ಲಿರಿಸಿದರೆ ಆ ರಸ ಇಳಿಯುತ್ತದೆ, ಮರಳಿ ತಂದರೆ ಮತ್ತೆ ಏರುತ್ತದೆ ಎಂದು 2019ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಆದುದರಿಂದ ನಾಯಿಯ ನಿಜವಾದ ನಡತೆಯನ್ನು ಬಲ್ಲವರು ಅದನ್ನು ನಾಲ್ಕು ದಿನ ಇಟ್ಟುಕೊಂಡ ಮನೆಯವರೇ.

ಅವರು ಕಂಡದ್ದನ್ನು ಕಂಡಂತೆ ಬರೆದಿಡಬೇಕು. ಗುಡುಗಿಗೆ ಬೆದರುವುದೆಂಬ ಸಂಗತಿಯನ್ನು ಮರೆಮಾಚಿ ಕೊಟ್ಟ ನಾಯಿ ಮೊದಲ ಮುಂಗಾರಿಗೇ ಹಗ್ಗ ಹರಿದು ಮತ್ತೆ ಬೀದಿಯಲ್ಲಿರುತ್ತದೆ. ಒಳ್ಳೆಯ ಚೀಟಿಯೊಂದು ಹೀಗಿರಬಹುದು: “ನಾಟಿ, ಹೆಣ್ಣು, ಸುಮಾರು ಎಂಟು ವರ್ಷ. ಸಂತಾನಹರಣ ಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆಗಿವೆ. ಹಿಂಗಾಲು ಕುಂಟು. ಕೋಳಿಯನ್ನು ಬಿಡುವುದಿಲ್ಲ. ಮಕ್ಕಳ ಬಳಿ ಸುಮ್ಮನೆ ಮಲಗುತ್ತದೆ. ಗುಡುಗಿದಾಗ ಒಳಗೆ ಕಟ್ಟಬೇಕು.” ಕೋಳಿ ಸಾಕಿದವರು ಇದನ್ನೋದಿ ಹಿಂದಿರುಗುವರು. ಮಕ್ಕಳೆಲ್ಲ ಹೈದರಾಬಾದಿಗೆ ಹೋಗಿ ಮೊಮ್ಮಕ್ಕಳು ರಜೆಗೆ ಮಾತ್ರ ಬರುವ ಮನೆಯ ಮುದುಕರು, ಕುಂಟುನಾಯಿಯಾದರೆ ತಮ್ಮ ನಡಿಗೆಗೆ ಸರಿಹೋದೀತೆಂದು, ಒಳಗೆ ಬಂದು ನೋಡುವರು.