ಗೆರೆ ಕಾಯುವವರು: 2020ರ ಅಮೆರಿಕದ ಟೆನ್ನಿಸ್ ಪಂದ್ಯಾಟದಿಂದ ಒಂದು ಪಾಠ



ವಾಚನಾಲಯದಲ್ಲಿ ಪತ್ರಿಕೆ ಕೈಗೆ ಬಂದೊಡನೆ ಮೊದಲು ಆಟೋಟದ ಪುಟವನ್ನೇ ತಿರುವುವವರು ನಮ್ಮಲ್ಲಿ ಬಹಳ. ಗೆದ್ದವರು ಯಾರು, ಸೋತವರು ಯಾರು ಎಂದು ನೋಡಿ ಪುಟ ಮಗುಚುವುದು ರೂಢಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಪಂದ್ಯಾಟ ನಡೆಯಬೇಕಾದರೆ ಎಷ್ಟು ಕೈಗಳು ದುಡಿಯುತ್ತವೆ, ಕಷ್ಟಕಾಲ ಬಂದಾಗ ಆ ಕೈಗಳಲ್ಲಿ ಯಾವುವು ಉಳಿಯುತ್ತವೆ, ಯಾವುವು ಹೋಗುತ್ತವೆ ಎಂದು ವಿಚಾರ ಮಾಡಿದರೆ, ಆಟದ ಪುಟವೂ ಪಾಠದ ಪುಟವಾಗುತ್ತದೆ. ಈ ಸಲದ ಅಭ್ಯಾಸಕ್ಕೆ, ಕೋವಿಡ್ ಪಿಡುಗಿನ ನಡುವೆ 2020ನೆಯ ಇಸವಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದ ಯು. ಎಸ್. ಓಪನ್ ಟೆನ್ನಿಸ್ ಪಂದ್ಯಾಟವನ್ನು ಆರಿಸಿಕೊಂಡಿದೆ. ಟೆನ್ನಿಸ್ ಆಡಿದವರು ನಮ್ಮಲ್ಲಿ ಕಡಿಮೆ. ಆದುದರಿಂದ ಮೊದಲು ಆಟದ ಅಂಗಣವನ್ನು ಅರಿಯೋಣ.

1. ಅಂಗಣ ಮತ್ತು ಗೆರೆ

ಟೆನ್ನಿಸ್ ಅಂಗಣದ ಉದ್ದ 78 ಅಡಿ. ಒಬ್ಬರಿಗೊಬ್ಬರು ಆಡುವಾಗ ಅಗಲ 27 ಅಡಿ. ಇಬ್ಬಿಬ್ಬರ ಜೋಡಿ ಆಡುವಾಗ 36 ಅಡಿ. ಸುತ್ತಲೂ ಬಿಳಿಯ ಗೆರೆಗಳಿರುತ್ತವೆ. ಚೆಂಡು ಗೆರೆಯ ಅಂಚನ್ನು ಕೂದಲೆಳೆಯಷ್ಟು ಮುಟ್ಟಿದರೂ ಅದು ಒಳಗೆ ಬಿದ್ದಂತೆಯೇ ಲೆಕ್ಕ. ಮುಟ್ಟದೆ ಹೋದರೆ ಹೊರಗೆ. ಆಟದ ನ್ಯಾಯವೆಲ್ಲ ಈ ಎರಡು ಮಾತುಗಳಲ್ಲಿದೆ.

ಜಗತ್ತಿನಲ್ಲಿ ನಾಲ್ಕು ಪಂದ್ಯಾಟಗಳು ಮಹಾ ಪಂದ್ಯಾಟಗಳೆಂದು ಹೆಸರಾಗಿವೆ. ಲಂಡನ್ನಿನ ವಿಂಬಲ್ಡನ್ ಹುಲ್ಲಿನ ಮೇಲೆ ನಡೆಯುತ್ತದೆ. ಪ್ಯಾರಿಸ್ಸಿನದು ಕೆಂಪು ಮಣ್ಣಿನ ಮೇಲೆ. ಮೆಲ್ಬೋರ್ನ್ ಮತ್ತು ನ್ಯೂಯಾರ್ಕಿನವು ಗಟ್ಟಿ ನೆಲದ ಮೇಲೆ. ಗಟ್ಟಿ ನೆಲವೆಂದರೆ ಡಾಂಬರು ಅಥವಾ ಕಾಂಕ್ರೀಟಿನ ತಳಪಾಯದ ಮೇಲೆ ಅಕ್ರಿಲಿಕ್ ಬಣ್ಣವನ್ನು ಪದರ ಪದರವಾಗಿ ಬಳಿದು ಮಾಡಿದ ನೆಲ. ಮಣ್ಣಿನ ಅಂಗಣದಲ್ಲಿ ಚೆಂಡು ಬಿದ್ದ ಕಡೆ ಗುರುತು ಉಳಿಯುತ್ತದೆ. ಸಂಶಯ ಬಂದರೆ ತೀರ್ಪುಗಾರನು ಪೀಠದಿಂದಿಳಿದು ಬಂದು ಆ ಗುರುತನ್ನು ನೋಡಿ ಹೇಳಬಹುದು. ಗಟ್ಟಿ ನೆಲದಲ್ಲಿ ನಂಬತಕ್ಕ ಗುರುತು ಉಳಿಯುವುದಿಲ್ಲ. ಮೊದಲ ಹೊಡೆತದ ಚೆಂಡು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಬರುವುದುಂಟು. ಅಂಥಲ್ಲಿ ಕಣ್ಣೇ ಸಾಕ್ಷಿ.

ಆ ಕಣ್ಣಿನ ಕೆಲಸಕ್ಕಾಗಿ ಇದ್ದವರೇ ರೇಖಾ ತೀರ್ಪುಗಾರರು. ದೊಡ್ಡ ಪಂದ್ಯವೊಂದಕ್ಕೆ ಒಂಬತ್ತು ಮಂದಿಯವರೆಗೆ ನಿಲ್ಲುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಗೆರೆ. ಚೆಂಡಿನ ಚೆಲುವನ್ನು ಅವರು ನೋಡುವಂತಿಲ್ಲ, ಆಟಗಾರನ ಮುಖವನ್ನು ನೋಡುವಂತಿಲ್ಲ. ತಮ್ಮ ಗೆರೆಯನ್ನಷ್ಟೇ ಕಾಯಬೇಕು. ಚೆಂಡು ಹೊರಗೆ ಬಿದ್ದರೆ ಗಟ್ಟಿಯಾಗಿ ಕೂಗಿ ಕೈ ಚಾಚಬೇಕು. ಪತ್ರಿಕೆಯಲ್ಲಿ ಅವರ ಹೆಸರು ಬರುವುದು ಅಪರೂಪ.

2. ಪಿಡುಗಿನ ನಡುವೆ ಪಂದ್ಯಾಟ

2020ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನ್ಯೂಯಾರ್ಕ್ ನಗರ ಕೋವಿಡ್ಡಿನಿಂದ ತತ್ತರಿಸಿತು. ಯು. ಎಸ್. ಓಪನ್ ನಡೆಯುವ ಕೇಂದ್ರವು ಆ ನಗರದ ಕ್ವೀನ್ಸ್ ಭಾಗದಲ್ಲಿದೆ. ಅಲ್ಲಿಯ ಒಳಾಂಗಣ ಅಂಕಣಗಳನ್ನೇ 350 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯನ್ನಾಗಿ ಮಾಡಿದರು. ಆ ವರ್ಷದ ವಿಂಬಲ್ಡನ್ ರದ್ದಾಯಿತು; ಎರಡನೆಯ ಮಹಾಯುದ್ಧದ ತರುವಾಯ ಹಾಗಾದುದು ಅದೇ ಮೊದಲು. ಪ್ಯಾರಿಸ್ ಪಂದ್ಯಾಟ ಮೇ ತಿಂಗಳಿನಿಂದ ಸೆಪ್ಟೆಂಬರಿಗೆ ಹೋಯಿತು. ಯು. ಎಸ್. ಓಪನ್ ಮಾತ್ರ ಪ್ರೇಕ್ಷಕರಿಲ್ಲದೆ ನಡೆಯುವುದೆಂದು ಜೂನ್ 16ರಂದು ಪ್ರಕಟವಾಯಿತು. ಆಗಸ್ಟ್ 31ರಿಂದ ಸೆಪ್ಟೆಂಬರ್ 13ರವರೆಗೆ ನಡೆಯಿತು.

ನಿರ್ಬಂಧಗಳು ಹೀಗಿದ್ದವು. 23,000ಕ್ಕೂ ಹೆಚ್ಚು ಜನ ಕೂರುವ ಆರ್ಥರ್ ಆ್ಯಶ್ ಕ್ರೀಡಾಂಗಣ ಬರಿದಾಗಿತ್ತು. ಆಟಗಾರರು ಗೊತ್ತುಮಾಡಿದ ಹೋಟೆಲುಗಳಲ್ಲಿ, ಇಲ್ಲವೆ ಸ್ವಂತ ಖರ್ಚಿನಿಂದ ಹಿಡಿದ ಮನೆಗಳಲ್ಲಿ ಇರಬೇಕು, ಪದೇ ಪದೇ ಪರೀಕ್ಷೆ ಮಾಡಿಸಿಕೊಳ್ಳಬೇಕು, ಬೀದಿಯಲ್ಲಿ ತಿರುಗಾಡುವಂತಿಲ್ಲ. ಬೆವರೊರಸುವ ಟವೆಲನ್ನು ತಾವೇ ತಂದುಕೊಳ್ಳಬೇಕು. ಪಂದ್ಯ ಮುಗಿದ ಮೇಲೆ ಕೈಕುಲುಕದೆ ರ‍್ಯಾಕೆಟ್ಟಿಗೆ ರ‍್ಯಾಕೆಟ್ಟು ತಾಗಿಸಬೇಕು. ಅರ್ಹತಾ ಸುತ್ತಿನ ಪಂದ್ಯಗಳು ರದ್ದಾದವು. ಮಿಶ್ರ ಜೋಡಿಯ ಆಟವೂ, ಕಿರಿಯರ ಆಟವೂ ಇಲ್ಲ. ಜೋಡಿ ಪಂದ್ಯಗಳಿಗೆ 64 ಜೋಡಿಗಳ ಬದಲು 32ಕ್ಕೆ ಮಾತ್ರ ಅವಕಾಶ. ಗಾಲಿಕುರ್ಚಿಯ ಆಟವನ್ನು ಕೂಡ ಆ ಆಟಗಾರರನ್ನು ಒಂದು ಮಾತೂ ಕೇಳದೆ ಕೈಬಿಡಲಾಗಿತ್ತು. ಆಸ್ಟ್ರೇಲಿಯದ ಡಿಲನ್ ಆಲ್ಕಾಟ್ ಮೊದಲಾದವರು ಬಹಿರಂಗವಾಗಿ ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ಆ ಆಟವನ್ನು ಮತ್ತೆ ಸೇರಿಸಿಕೊಳ್ಳಬೇಕಾಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ.

ಹಣದ ಹಂಚಿಕೆಯಲ್ಲಿ ಒಂದು ಒಳ್ಳೆಯ ಕೆಲಸವೂ ನಡೆಯಿತು. ಏಕಾಂಗಿ ಆಟದಲ್ಲಿ ಗೆದ್ದವರ ಬಹುಮಾನವನ್ನು 38 ಲಕ್ಷ 50 ಸಾವಿರ ಡಾಲರಿನಿಂದ 30 ಲಕ್ಷಕ್ಕೆ ಇಳಿಸಿದರು. ಮೊದಲ ಸುತ್ತಿನಲ್ಲೇ ಸೋತವರ ಹಣವನ್ನು ಮಾತ್ರ 58,000ದಿಂದ 61,000 ಡಾಲರಿಗೆ ಏರಿಸಿದರು. ಕೊರತೆಯ ವರ್ಷದಲ್ಲಿ ಮೇಲಿನವರ ಪಾಲಿನಿಂದ ಕಡಿದು ಕೆಳಗಿನವರ ಪಾಲನ್ನು ಉಳಿಸುವುದು ಸಾಧ್ಯವೆಂಬುದಕ್ಕೆ ಇದೊಂದು ಉದಾಹರಣೆ.

3. ಆಟದ ಫಲ

ರಫೇಲ್ ನಡಾಲ್, ಆಶ್ಲಿ ಬಾರ್ಟಿ ಮೊದಲಾದವರು ಪ್ರಯಾಣ ಬೇಡವೆಂದು ಬರಲಿಲ್ಲ. ರೋಜರ್ ಫೆಡರರ್ ಮೊಣಕಾಲ ಚಿಕಿತ್ಸೆಯಲ್ಲಿದ್ದರು. ಪುರುಷರಲ್ಲಿ ಆಸ್ಟ್ರಿಯದ ಡೊಮಿನಿಕ್ ಥೀಮ್, ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್ ಎದುರು ಮೊದಲ ಎರಡು ಸೆಟ್ಟು ಕಳೆದುಕೊಂಡ ಮೇಲೆಯೂ ಚೇತರಿಸಿಕೊಂಡು, ಐದನೆಯ ಸೆಟ್ಟಿನ ಟೈಬ್ರೇಕರಿನಲ್ಲಿ ಗೆದ್ದರು. ಸ್ತ್ರೀಯರಲ್ಲಿ ಜಪಾನಿನ ನವೋಮಿ ಒಸಾಕಾ, ವಿಕ್ಟೋರಿಯಾ ಅಜರೆಂಕಾರನ್ನು 1-6, 6-3, 6-3ರಿಂದ ಸೋಲಿಸಿದರು. ಮುಖಗವಸು ಕಡ್ಡಾಯವಾಗಿದ್ದ ಆ ಪಂದ್ಯಾಟದಲ್ಲಿ ಒಸಾಕಾ ಏಳು ಪಂದ್ಯಗಳಿಗೆ ಏಳು ಗವಸು ಧರಿಸಿ ಬಂದರು. ಹಿಂಸೆಗೆ ಬಲಿಯಾದ ಏಳು ಮಂದಿ ಕಪ್ಪು ಜನರ ಹೆಸರು ಒಂದೊಂದರ ಮೇಲೆ ಒಂದೊಂದು. ಬಾಯಿ ಮುಚ್ಚುವ ಬಟ್ಟೆಯಿಂದಲೇ ಮಾತಾಡಿಸಿದ ಜಾಣ್ಮೆ ಅದು.

ನಮ್ಮ ದೇಶದವರೂ ಅಲ್ಲಿದ್ದರು. ಸುಮಿತ್ ನಾಗಲ್ ಮೊದಲ ಸುತ್ತನ್ನು ಗೆದ್ದರು. ಮಹಾ ಪಂದ್ಯಾಟದ ಏಕಾಂಗಿ ಆಟದ ಮುಖ್ಯ ಸುತ್ತಿನಲ್ಲಿ ಭಾರತದ ಪುರುಷನೊಬ್ಬ ಗೆದ್ದುದು ಏಳು ವರ್ಷಗಳಲ್ಲಿ ಅದೇ ಮೊದಲು. ಎರಡನೆಯ ಸುತ್ತಿನಲ್ಲಿ ಅವರನ್ನು ಸೋಲಿಸಿದವರು ಥೀಮ್ ಅವರೇ. ಕೊಡಗಿನ ನಮ್ಮ ರೋಹನ್ ಬೋಪಣ್ಣ, ನಲವತ್ತನೆಯ ವಯಸ್ಸಿನಲ್ಲಿ, ಕೆನಡದ ಡೆನಿಸ್ ಶಪೊವಲೊವ್ ಜೊತೆಗೂಡಿ ಜೋಡಿ ಆಟದ ಕ್ವಾರ್ಟರ್ ಫೈನಲ್ ಮುಟ್ಟಿದರು.

4. ಗೆರೆಯ ಬಳಿ ಯಾರೂ ಇಲ್ಲ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಅಂಗಣದಲ್ಲಿ ಜನಸಂಖ್ಯೆ ಕಡಿಮೆಯಾಗಬೇಕು ಎಂಬ ಕಾರಣದಿಂದ, ಎರಡು ದೊಡ್ಡ ಅಂಗಣಗಳನ್ನು ಬಿಟ್ಟು ಉಳಿದೆಲ್ಲ ಕಡೆ ರೇಖಾ ತೀರ್ಪುಗಾರರ ಬದಲು ಯಂತ್ರವನ್ನಿಟ್ಟರು. ಇದರ ಹೆಸರು ಹಾಕ್ ಐ ಲೈವ್, ಅಂದರೆ ಗಿಡುಗನ ಕಣ್ಣು. ಅಂಗಣದ ಸುತ್ತ ಎತ್ತರದಲ್ಲಿ ವೇಗದ ಕ್ಯಾಮೆರಾಗಳಿರುತ್ತವೆ. ಅವು ಬೇರೆ ಬೇರೆ ಕೋನಗಳಿಂದ ತೆಗೆದ ಚಿತ್ರಗಳನ್ನು ಗಣಕಯಂತ್ರ ಕೂಡಿಸಿ ಚೆಂಡಿನ ದಾರಿಯನ್ನು ಲೆಕ್ಕ ಹಾಕುತ್ತದೆ. ನೆಲ ಮುಟ್ಟಿದ ಜಾಗವನ್ನು ಕೆಲವೇ ಮಿಲಿಮೀಟರುಗಳ ಅಂತರದಲ್ಲಿ ಗುರುತಿಸುತ್ತದೆ. ಚೆಂಡು ಹೊರಗಾದರೆ ಮೊದಲೇ ಮುದ್ರಿಸಿಟ್ಟ ಮನುಷ್ಯನ ದನಿಯೊಂದು ಕೂಗುತ್ತದೆ. ದನಿ ಉಂಟು, ಮನುಷ್ಯನಿಲ್ಲ.

ಯಂತ್ರ ಹೊಸತೇನಲ್ಲ. 2006ರಿಂದಲೇ ಯು. ಎಸ್. ಓಪನ್ನಿನಲ್ಲಿ ಆಟಗಾರನು ಸಂಶಯ ಬಂದಾಗ ಅದನ್ನು ಕೇಳಬಹುದಾಗಿತ್ತು. ಆಗ ಅದು ಮನುಷ್ಯನ ತೀರ್ಪನ್ನು ತಿದ್ದುವ ಸಹಾಯಕ. 2020ರಲ್ಲಿ ಅದೇ ತೀರ್ಪುಗಾರನಾಯಿತು. ಈ ಒಂದು ಬದಲಾವಣೆಯಿಂದ, ಪೀಠದವರೂ ಗೆರೆಯವರೂ ಸೇರಿ ಸುಮಾರು 350 ಇದ್ದ ತೀರ್ಪುಗಾರರ ಸಂಖ್ಯೆ 100ಕ್ಕಿಂತ ಕೆಳಗೆ ಬಂದಿತು.

ಮನುಷ್ಯರು ಉಳಿದಿದ್ದ ಆ ಎರಡು ಅಂಗಣಗಳಲ್ಲೊಂದರಲ್ಲೇ ಆ ವರ್ಷದ ದೊಡ್ಡ ಪ್ರಮಾದ ನಡೆಯಿತು. ಸೆಪ್ಟೆಂಬರ್ 6ರಂದು ಜಗತ್ತಿನ ಮೊದಲ ಸ್ಥಾನದ ನೋವಾಕ್ ಜೊಕೊವಿಚ್, ಪಾಬ್ಲೊ ಕಾರೆನ್ಯೊ ಬೂಸ್ಟಾ ಎದುರು ಒಂದು ಗೇಮು ಸೋತ ಬೇಸರದಲ್ಲಿ ಚೆಂಡನ್ನು ಹಿಂದಕ್ಕೆ ಹೊಡೆದರು. ಅದು ಗೆರೆ ಕಾಯುತ್ತಿದ್ದ ಮಹಿಳೆಯೊಬ್ಬರ ಕುತ್ತಿಗೆಗೆ ಬಡಿಯಿತು. ಬೇಕೆಂದು ಹೊಡೆದುದಲ್ಲ, ಆದರೂ ನಿಯಮದಂತೆ ಅವರನ್ನು ಪಂದ್ಯಾಟದಿಂದಲೇ ಹೊರಗೆ ಹಾಕಿದರು. ಎಷ್ಟು ದೊಡ್ಡ ಆಟಗಾರನಾದರೂ ಗೆರೆಯ ಬಳಿ ನಿಂತ ಕೆಲಸದವರ ಮೈಗೆ ಬೆಲೆಯುಂಟು ಎಂದು ನಿಯಮ ಹೇಳಿತು. ಆದರೆ ಅದೇ ಕೆಲಸದವರ ಹೊಟ್ಟೆಪಾಡನ್ನು ಕಾಯುವ ನಿಯಮ ಯಾವುದೂ ಇರಲಿಲ್ಲ.

5. ಮಳೆ ನಿಂತ ಮೇಲೆ

ಮಳೆ ನಿಂತರೂ ಮರದ ಹನಿ ನಿಲ್ಲದು ಎಂದು ನಮ್ಮವರು ಹೇಳುತ್ತಾರೆ. 2021ರಲ್ಲಿ ಲಸಿಕೆ ಹಾಕಿಸಿಕೊಂಡ ಪ್ರೇಕ್ಷಕರಿಂದ ಯು. ಎಸ್. ಓಪನ್ ಮತ್ತೆ ತುಂಬಿತು. ಅರ್ಹತಾ ಸುತ್ತು ಬಂದಿತು. ಮಿಶ್ರ ಜೋಡಿಯ ಆಟವೂ, ಕಿರಿಯರ ಆಟವೂ ಬಂದವು. ಕಾಲಕ್ರಮದಲ್ಲಿ ಕೈಕುಲುಕುವುದೂ ಮರಳಿತು. ರೇಖಾ ತೀರ್ಪುಗಾರರು ಮಾತ್ರ ಬರಲಿಲ್ಲ. ಅಷ್ಟೇ ಅಲ್ಲ, ಉಳಿದಿದ್ದ ಎರಡು ಅಂಗಣಗಳಿಂದಲೂ ಅವರನ್ನು ತೆಗೆದರು. 2021ರ ಫೆಬ್ರವರಿಯಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್, ಒಬ್ಬ ರೇಖಾ ತೀರ್ಪುಗಾರನೂ ಇಲ್ಲದೆ ನಡೆದ ಮೊದಲ ಮಹಾ ಪಂದ್ಯಾಟ. ಪುರುಷರ ವೃತ್ತಿಪರ ಪ್ರವಾಸದ ಪಂದ್ಯಾಟಗಳು 2025ರಿಂದ ಅದೇ ಹಾದಿ ಹಿಡಿದವು. ಸಂಪ್ರದಾಯಕ್ಕೆ ಹೆಸರಾದ ವಿಂಬಲ್ಡನ್ ಕೂಡ ಅದೇ ವರ್ಷ ಸುಮಾರು 300 ಮಂದಿಯ ಈ ಕೆಲಸವನ್ನು ನಿಲ್ಲಿಸಿ, ಅವರಲ್ಲಿ ಕೆಲವರನ್ನು ಮಾತ್ರ ಪಂದ್ಯ ಸಹಾಯಕರೆಂದು ಇಟ್ಟುಕೊಂಡಿತು. ಮಣ್ಣಿನ ಅಂಗಣದ ಪ್ಯಾರಿಸ್ ಒಂದೇ 2025ರಲ್ಲೂ ಅವರನ್ನು ಉಳಿಸಿಕೊಂಡಿತ್ತು.

ಇಲ್ಲಿ ಎರಡು ಪಕ್ಷವನ್ನೂ ತೂಗಿ ನೋಡುವುದು ನ್ಯಾಯ. ಯಂತ್ರಕ್ಕೆ ದಣಿವಿಲ್ಲ, ಹೆಸರಾಂತ ಆಟಗಾರನಿಗೊಂದು, ಹೊಸಬನಿಗೊಂದು ಎಂಬ ಭೇದವಿಲ್ಲ. 2004ರಲ್ಲಿ ಇದೇ ನ್ಯೂಯಾರ್ಕಿನಲ್ಲಿ ಸೆರೀನಾ ವಿಲಿಯಮ್ಸರಿಗೆ ವಿರುದ್ಧವಾಗಿ ಕೊಟ್ಟ ತಪ್ಪು ತೀರ್ಪುಗಳೇ ಯಂತ್ರದ ಪರವಾಗಿ ಜನಾಭಿಪ್ರಾಯವನ್ನು ತಿರುಗಿಸಿದವು. ಕಷ್ಟಪಟ್ಟು ಗಳಿಸಿದ ಅಂಕವನ್ನು ಕಣ್ತಪ್ಪಿನಿಂದ ಕಳೆದುಕೊಳ್ಳುವ ಆಟಗಾರನೂ ದುಡಿಯುವವನೇ.

ಇನ್ನೊಂದು ಪಕ್ಷವೂ ಇದೆ. ಯಂತ್ರವನ್ನು ನಡೆಸುವವರು ಮನುಷ್ಯರೇ. 2025ರ ಜುಲೈ 6ರಂದು ವಿಂಬಲ್ಡನ್ನಿನ ಮುಖ್ಯ ಅಂಗಣದಲ್ಲಿ ಯಂತ್ರದ ಒಂದು ಭಾಗವನ್ನು ಯಾರೋ ತಪ್ಪಾಗಿ ನಿಲ್ಲಿಸಿಬಿಟ್ಟಿದ್ದರು. ಹೊರಗೆ ಬಿದ್ದ ಚೆಂಡಿಗೆ ಕೂಗು ಬರಲಿಲ್ಲ. ಆ ಅಂಕವನ್ನು ಮತ್ತೆ ಆಡಿಸಬೇಕಾಯಿತು. ಗೆರೆಯ ಬಳಿ ಒಂದು ಜೊತೆ ಕಣ್ಣಿದ್ದಿದ್ದರೆ ಅದು ಆಗುತ್ತಿರಲಿಲ್ಲ. ಇನ್ನೂ ದೊಡ್ಡ ಪ್ರಶ್ನೆಯೆಂದರೆ ಏಣಿಯದು. ಪೀಠದ ಮೇಲೆ ಕೂರುವ ತೀರ್ಪುಗಾರರಲ್ಲಿ ಬಹುಮಂದಿ ಗೆರೆಯ ಬಳಿ ನಿಂತು ಕೆಲಸ ಕಲಿತವರು. ಕೆಳಗಿನ ಮೆಟ್ಟಿಲನ್ನು ಕಿತ್ತ ಮೇಲೆ ಮೇಲಿನ ಮೆಟ್ಟಿಲಿಗೆ ಹೊಸಬರು ಹತ್ತುವುದು ಹೇಗೆ?

6. ನಮಗೆ ಇದರಲ್ಲಿ ಏನಿದೆ?

ಗಿರಣಿಯಲ್ಲಿ ಹಾಜರಿ ಪಟ್ಟಿ ಬರೆಯುವ ನಮ್ಮಂಥವರಿಗೆ ಇದು ದೂರದ ಕಥೆಯಲ್ಲ. ಸ್ವಯಂಚಾಲಿತ ಮಗ್ಗ ಬಂದಾಗ ಒಬ್ಬನೇ ಹೆಚ್ಚು ಮಗ್ಗ ನೋಡುವಂತಾಯಿತು. ಗಣಕಯಂತ್ರ ಬಂದಾಗ ಲೆಕ್ಕದ ಮೇಜುಗಳು ಕಡಿಮೆಯಾದವು. ಯಂತ್ರವನ್ನು ದ್ವೇಷಿಸಿ ಫಲವಿಲ್ಲ. ಅದನ್ನು ತಡೆದವರೂ ಇಲ್ಲ. ಆದರೆ ಪಿಡುಗಿನ ಕಾಲದ ಈ ಪಂದ್ಯಾಟ ನಮಗೆ ತೋರಿಸುವುದು ಬೇರೊಂದು ಸಂಗತಿ. ಸಂಕಟದಲ್ಲಿ ಬರುವ ಏರ್ಪಾಡುಗಳೆಲ್ಲ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ಎಲ್ಲದರ ಮೇಲೂ ಆರೋಗ್ಯದ ಚೀಟಿಯೇ ಅಂಟಿರುತ್ತದೆ. ಸಂಕಟ ಕಳೆದ ಮೇಲೆ ಕೆಲವು ಹೋಗುತ್ತವೆ, ಕೆಲವು ನೆಲೆಯೂರುತ್ತವೆ. ಹಣ ತರುವ ಪ್ರೇಕ್ಷಕರಿಗೆ ಬಾಗಿಲು ತಾನಾಗಿ ತೆರೆಯಿತು. ಗಾಲಿಕುರ್ಚಿಯ ಆಟಗಾರರು ಒಟ್ಟಾಗಿ, ತಕ್ಕ ಸಮಯದಲ್ಲಿ ಕೇಳಿದರು, ಅವರಿಗೂ ತೆರೆಯಿತು. ದಿನದ ಲೆಕ್ಕದಲ್ಲಿ ಅಲ್ಲಿ ಇಲ್ಲಿ ದುಡಿಯುವ ಗೆರೆ ಕಾಯುವವರಿಗೆ ತೆರೆಯಲಿಲ್ಲ.

ಆದುದರಿಂದ ಕಾರಖಾನೆಯಲ್ಲಾಗಲಿ ಕಚೇರಿಯಲ್ಲಾಗಲಿ ತಾತ್ಕಾಲಿಕ ಎಂಬ ಹೆಸರಿನ ಏರ್ಪಾಡು ಬಂದಾಗ ಮೂರು ಮಾತನ್ನು ಅಂದೇ, ಬರಹದಲ್ಲೇ ಕೇಳಬೇಕು. ಇದರ ಕಾರಣವೇನು? ಇದರ ಅವಧಿ ಎಷ್ಟು? ಅವಧಿ ಮುಗಿದ ಮೇಲೆ ಹಳೆಯ ಕೆಲಸದವರ ಸ್ಥಾನವೇನು? ಇವುಗಳ ಜೊತೆಗೆ, ಬರುತ್ತಿರುವ ಯಂತ್ರದ ಕೆಲಸವನ್ನೂ ಬಿಡುವಿನಲ್ಲಿ ಕಲಿಯತಕ್ಕದ್ದು. ಕೇಳುವುದು, ಕಲಿಯುವುದು ಎರಡೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಸಾಲದು.

ಮನನಕ್ಕೆ ಪ್ರಶ್ನೆಗಳು

(1) ಮಣ್ಣಿನ ಅಂಗಣಕ್ಕಿಂತ ಗಟ್ಟಿ ನೆಲದ ಅಂಗಣದಲ್ಲಿ ರೇಖಾ ತೀರ್ಪುಗಾರನ ಅಗತ್ಯ ಹೆಚ್ಚಾಗಿದ್ದುದೇಕೆ?

(2) 2020ರ ಬಹುಮಾನದ ಹಂಚಿಕೆಯಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಆದ ಬದಲಾವಣೆಯನ್ನು ಅಂಕಿಗಳೊಡನೆ ವಿವರಿಸಿರಿ.

(3) ಪಿಡುಗಿನ ಕಾಲದಲ್ಲಿ ನಿಮ್ಮ ಕೆಲಸದ ಸ್ಥಳದಲ್ಲಿ ಬಂದ ಏರ್ಪಾಡುಗಳನ್ನು ಎರಡು ಪಟ್ಟಿ ಮಾಡಿರಿ: ಹೋದವು ಯಾವುವು, ಉಳಿದವು ಯಾವುವು? ಉಳಿದುವುಗಳಿಂದ ಯಾರಿಗೆ ಅನುಕೂಲವಾಯಿತು, ಯಾರ ಕೆಲಸ ಹೋಯಿತು?

ಮೂರನೆಯ ಪ್ರಶ್ನೆಗೆ ಉತ್ತರ ಬರೆದವರು ವಾಚನಾಲಯದ ಮೇಜಿನ ಮೇಲಿಡಬೇಕಾಗಿ ವಿನಂತಿ. ಭಾನುವಾರ ಸಂಜೆ ಕೂಡಿ ಓದೋಣ.